ಅರ್ಧ ಬಕೀಟು ಬಿಸಿನೀರು

ನಮ್ಮ ಅತ್ತಿಯವರಿಗೆ ಈಗ 83 ವರ್ಷ. ಕಿವಿ ಮಂದ ಆಗ್ಯಾವ, ಮೊಣಕಾಲು ಹಿಡದಾವ, ಆದ್ರ ಮುಂಜಾನೆ ಸ್ನಾನ ಆಗದ ಒಂದು ಗುಟುಕು ಚಹಾ ಸುದ್ದಾ ಬಾಯಾಗ ಹಾಕಂಗಿಲ್ಲ. ನಾ ಈ ಮನಿಗೆ ಸೊಸಿಯಾಗಿ ಬಂದು 33 ವರ್ಷ ಆತು, ಈ ನೇಮ ಒಂದಿನಾ ತಪ್ಪಿದ್ದು ನೋಡಿಲ್ಲ.

ಹೋದ ಪುಷ್ಯಮಾಸದ ಮಾತು ಇದು. ಧಾರವಾಡದ ಥಂಡಿ ನಿಮಗೆಲ್ಲಾ ಗೊತ್ತೇ ಅದ, ಮುಂಜಾನೆ ನೆಲದ ಮ್ಯಾಲೆ ಕಾಲಿಟ್ರ ಝುಮ್ ಅಂತದ. ಅತ್ತಿಯವರು ಬಚ್ಚಲಕ್ಕ ಹೋಗಿ ಬಾಗಲಾ ಮುಂದ ಮಾಡಿಕೊಂಡ್ರು. (ನಮ್ಮ ಬಚ್ಚಲದ ಬಾಗಲಕ್ಕ ಒಳಗಿನ ಚಿಲಕ ಇಲ್ಲ. ಅದರ ಕತಿ ಮುಂದ ಹೇಳ್ತೀನಿ.) ನಾ ಇತ್ತಾಗ ಗ್ಯಾಸಿನ ಮ್ಯಾಲೆ ಹಾಲು ಇಟ್ಟೆ. ಆ ಹಾಲು ಉಕ್ಕೋದರೊಳಗ ಅವರು ಸೀರಿ ಸುತಗೊಂಡು ಹೊರಗ ಬಂದೇ ಬಿಟ್ರು.

ನಂಗ ಯಾಕೋ ಸಂಶಯ ಬಂತು. ಬೆನ್ನು ಒರಸ್ತೀನಿ ಬರ್ರಿ ಅಂತ ಟವೆಲ್ಲು ಹಚ್ಚಿದೆ, ಬೆನ್ನು ಒಣಗೇ ಇತ್ತು. ಒಳಗ ಹೋಗಿ ನೋಡಿದ್ರ ಬಕೀಟಿನೊಳಗ ನೀರಿನ ಗೆರಿ ಅರ್ಧಕ್ಕ ನಿಂತಿತ್ತು.

"ಅತ್ತಿ, ಅರ್ಧ ಬಕೀಟಿನಾಗ ಸ್ನಾನ ಮಾಡಿದ್ರೇನು?"

"ಸಾಕು ಬಿಡವಾ. ಆ ನಳದಾಗ ಬಿಸಿನೀರು ದಾರದಂಗ ಬರ್ತದ. ಬಕೀಟು ತುಂಬೋ ತನಕಾ ನಿಲ್ಲಲಿಕ್ಕೆ ಕಾಲು ಕೇಳಂಗಿಲ್ಲ. ಹಿಂದ ನೀವೆಲ್ಲಾ ಬ್ಯಾರೆ ಕಾಯ್ತಿರ್ತೀರಿ."

"ಎಷ್ಟು ದಿನದಿಂದ ಹಿಂಗ ಮಾಡ್ಲಿಕತ್ತೀರಿ?"

"ಯಾರು ಲೆಕ್ಕ ಇಟ್ಟಾರ. ಎರಡು ವರ್ಷ ಆಗಿರಬೇಕು."

ಎರಡು ವರ್ಷ. ನಾ ಅದೇ ಮನ್ಯಾಗ ಇದ್ದೀನಿ, ದಿನಾ ಅವರ ಸೀರಿ ಒಣಗಹಾಕ್ತೀನಿ, ಅವರ ಗುಳಿಗಿ ಲೆಕ್ಕ ನನ್ನ ಹತ್ರನ ಅದ. ಸ್ನಾನದ ಲೆಕ್ಕ ಮಾತ್ರ ಇರಲಿಲ್ಲ. ಮನಿಯವರಿಗೆ ಹೇಳಿದೆ. ಅವರು ಪೇಪರ್ ಓದೋದು ಬಿಟ್ಟು ಸುಮ್ಮನ ಕೂತ್ರು. ಆಮ್ಯಾಲೆ, "ಅವ್ವಾ ನನಗರೆ ಹೇಳಬೇಕಿತ್ತಲ್ಲಾ" ಅಂದ್ರು. ಹೆಂಗ ಹೇಳ್ತಾರ? ನಮ್ಮ ಮನ್ಯಾಗ ಬಿಸಿನೀರಿನ ಮಾತು ತಗದಾಗೆಲ್ಲಾ ಒಂದಲ್ಲಾ ಒಂದು ರಾಮಾಯಣ ಆಗ್ಯದ.

ನಾ 1992ರಾಗ ಮದುವಿಯಾಗಿ ಬಂದಾಗ ಬಚ್ಚಲದ ಮೂಲಿಯೊಳಗ ತಾಮ್ರದ ಬಂಬ ಇತ್ತು. ನೋಡಿಲ್ಲದವರಿಗೆ ಹೇಳ್ತೀನಿ, ಅದು ನಿಂತ ಡ್ರಮ್ಮಿನಂಗ ಇರ್ತದ, ನಟ್ಟ ನಡುವ ಒಂದು ಕೊಳವಿ, ಆ ಕೊಳವಿಯೊಳಗ ಕಟಗಿ ಚಕ್ಕಿ, ಕುಳ್ಳು, ಇದ್ದಲಿ ಹಾಕಿ ಉರಿ ಮಾಡೋದು, ಸುತ್ತಲಿನ ನೀರು ಕಾಯ್ತದ, ಕೆಳಗ ಹಿತ್ತಾಳಿ ನಳ. ಮ್ಯಾಲೆ ಒಂದು ತಂಬಗಿ ತಣ್ಣೀರು ಹಾಕಿದ್ರ ಕೆಳಗ ಒಂದು ತಂಬಗಿ ಬಿಸಿನೀರು ತಗೀಬೇಕು, ಅದು ಅತ್ತಿಯವರ ಕಾಯ್ದೆ. ಮುಂಜಾನೆ ಐದಕ್ಕ ಎದ್ದು ಉರಿ ಹಚ್ಚೋದು ನನ್ನ ಪಾಳಿ. ಹೊಗಿಗೆ ಕಣ್ಣು ಕೆಂಪ ಕೆಂಪ. ಈಗ ಕೆಲವರು ಬಂಬ, ಹಂಡೆ ಅಂದ್ರ ಬಂಗಾರದಂಥಾ ಕಾಲ ಅಂತ ಬರೀತಾರ. ಬಂಗಾರದಂಥಾ ನೀರು ಖರೆ, ಅದನ್ನ ಕಾಸಿದಾಕಿನ್ನ ಕೇಳ್ರಿ.

1998ರಾಗ 15 ಲೀಟರಿನ ಕರೆಂಟ್ ಗೀಸರ್ ಬಂತು. ಆಗ ಕರೆಂಟು ಯಾವಾಗ ಹೋಗ್ತದ ಯಾವಾಗ ಬರ್ತದ ಅಂತ ಇರಲಿಲ್ಲ, ಹಿಂಗಾಗಿ ಅರ್ಧ ದಿನಾ ಬಂಬಾನ ನಡೀತಿತ್ತು. ಆ ಗೀಸರ್ ಹತ್ತು-ಹನ್ನೆರಡು ವರ್ಷ ಎಳದು ಬೋರಿನ ಸವಳು ನೀರಿಗೆ ಸುಣ್ಣ ಕಟ್ಟಿ ಸೋರಲಿಕ್ಕೆ ಹತ್ತಿತು. ಅಷ್ಟರಾಗ 2009ರಾಗ ಮ್ಯಾಲೆ ಎರಡು ಖೋಲಿ ಕಟ್ಟಿಸಿದ್ವಿ, ಅಲ್ಲೊಂದು ಬಚ್ಚಲಾ ಬ್ಯಾರೆ ಆತು. ಯಾರೋ ಗ್ಯಾಸ್ ಗೀಸರ್ ಹಾಕಸ್ರಿ, ಕರೆಂಟ್ ಬ್ಯಾಡ, ತಕ್ಷಣ ನೀರು ಕಾಯ್ತದ ಅಂದ್ರು. 2011ರಾಗ ಕೆಳಗಿನ ಬಚ್ಚಲದಾಗ ಅದನ್ನ ಹಾಕಿಸಿದ್ವಿ. ಒಳಗನ, ಸಿಲಿಂಡರ್ ಮಾತ್ರ ಹೊರಗ.

ಇದನ್ನ ಬರಿಯೋದೋ ಬ್ಯಾಡೋ ಅಂತ ಭಾಳ ವಿಚಾರ ಮಾಡಿದೆ. ಆದ್ರ ಈಗೂ ಎಷ್ಟೋ ಮನ್ಯಾಗ ಬಚ್ಚಲದೊಳಗನ ಗ್ಯಾಸ್ ಗೀಸರ್ ನೋಡ್ತೀನಿ, ಅದಕ್ಕ ಬರೀತೀನಿ.

ಆ ವರ್ಷದ ಡಿಸೆಂಬರ್. ಮಗಳು ಪಿಯುಸಿ ಎರಡನೇ ವರ್ಷ. ಬಚ್ಚಲಾ ಅಂದ್ರ ಐದು ಫೂಟು ಆರು ಫೂಟಿನ ಗೂಡು, ಮ್ಯಾಲೆ ಒಂದು ಬೆಳಕಿಂಡಿ. ಅದರಾಗಿಂದ ಥಂಡಿ ಗಾಳಿ ಬರ್ತದ, ಹುಡುಗಿಗೆ ನೆಗಡಿ ಆದೀತು, ಪರೀಕ್ಷಾ ಹತ್ರ ಬಂತು ಅಂತ ಹಳೇ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಆ ಕಿಂಡಿ ಮುಚ್ಚಿದಾಕಿ ನಾನ. ಟೇಪ್ ಹಚ್ಚಿ ಚಂದಂಗ ಮುಚ್ಚಿದ್ದೆ. ಎರಡು ದಿನದಿಂದ ಅಕಿ ಸ್ನಾನ ಮಾಡಿ ಬಂದು ತಲಿ ನೋಯ್ತದ ಅಂತಿದ್ಲು. ಓದಿ ಓದಿ ಬಂದದ್ದು ಅಂತ ನಾ ಬಾಮ್ ಹಚ್ಚಿದೆ. ಮೂರನೇ ದಿನ ಅಕಿ ಒಳಗಿದ್ದಾಗ ತಂಬಗಿ ಬಿದ್ದ ಸಪ್ಪಳ ಆತು. ನಾ ಅಡಗಿ ಮನ್ಯಾಗ ಮಿಕ್ಸರ್ ಹಚ್ಚಿದ್ದೆ, ನಂಗ ಕೇಳಲಿಲ್ಲ. ಕೇಳಿದ್ದು ಅತ್ತಿಯವರಿಗೆ. ಆಗ ಅವರ ಕಿವಿ ಚುರುಕಿತ್ತು. "ತಂಬಗಿ ಬಿದ್ದು ಆಮ್ಯಾಲೆ ನೀರಿನ ಸಪ್ಪಳನ ಇಲ್ಲಾ, ನೋಡ್ರಿ ಯಾರರೆ" ಅಂತ ಒದರಿದ್ರು. ಬಾಗಲಾ ಬಡದ್ರ ಮಾತಿಲ್ಲ. ನಮ್ಮ ಮನಿಯವರು ಹೆಗಲು ಕೊಟ್ಟು ದಬ್ಬಿದ್ರು, ಚಿಲಕದ ಸ್ಕ್ರೂ ಕಿತ್ತು ಬಂತು.

ಹುಡುಗಿ ಗ್ವಾಡಿಗೆ ಒರಗಿ ಬಿದ್ದಿದ್ಲು. ಗೀಸರ್ ಇನ್ನೂ ಉರೀತಿತ್ತು. ಅಂಗಳಕ್ಕ ಎಳಕೊಂಡು ಬಂದ್ವಿ, ಗಾಳಿ ಬಡದ ಮ್ಯಾಲೆ ಕಣ್ಣು ತಗದ್ಲು. ದವಾಖಾನ್ಯಾಗ ಆಕ್ಸಿಜನ್ ಹಚ್ಚಿದ್ರು. ಡಾಕ್ಟರು ಕೇಳಿದ ಮೊದಲನೇ ಮಾತು, "ಮನ್ಯಾಗ ಗ್ಯಾಸ್ ಗೀಸರ್ ಅದ ಏನ್ರೀ?"

ಗ್ಯಾಸು ಉರಿಬೇಕಾದ್ರ ಆಮ್ಲಜನಕ ಬೇಕು. ಮುಚ್ಚಿದ ಖೋಲ್ಯಾಗ ಆಮ್ಲಜನಕ ಕಡಿಮಿ ಆದಂಗ ಉರಿ ಪೂರಾ ಆಗದ ಕಾರ್ಬನ್ ಮೊನಾಕ್ಸೈಡ್ ಬಿಡ್ತದ. ಅದಕ್ಕ ಬಣ್ಣಿಲ್ಲ, ವಾಸನಿಲ್ಲ. ಸಿಲಿಂಡರಿನ ಗ್ಯಾಸಿಗೆ ವಾಸನಿ ಬೆರಸಿರ್ತಾರ, ಸೋರಿದ್ರ ನಮಗ ತಿಳೀತದ, ಆದ್ರ ಉರದ ಮ್ಯಾಲೆ ಹುಟ್ಟೋ ಈ ವಿಷಕ್ಕ ಏನೂ ವಾಸನಿ ಇರಂಗಿಲ್ಲ. ಅದು ರಕ್ತದಾಗ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿ ಹಿಡಕೋತದಂತ. ತಲಿನೋವು, ವಾಂತಿ ಬಂದಂಗ ಆಗೋದು, ಕಾಲಾಗ ಶಕ್ತಿ ಹೋಗೋದು, ಆಮ್ಯಾಲೆ ಎಚ್ಚರ ತಪ್ಪೋದು. ಎರಡು ದಿನದ ತಲಿನೋವು ಏನು ಅಂತ ನಂಗ ಅವತ್ತ ಗೊತ್ತಾತು. ಮನಿಗೆ ಬಂದು ಗೀಸರಿನ ಡಬ್ಬಿಯೊಳಗಿನ ಪುಸ್ತಕ ತಗದು ಓದಿದೆ. ಬಚ್ಚಲದ ಹೊರಗ, ಗಾಳಿ ಆಡೋ ಕಡೆ ಹಾಕಬೇಕು ಅಂತ ಬರದೇ ಇತ್ತು. ಹಾಕಿದಾಂವಾ ಹೇಳಲಿಲ್ಲ, ನಾವು ಕೇಳಲಿಲ್ಲ. ಅವತ್ತ ಸಂಜಿಕೆ ಅದನ್ನ ಕಿತ್ತಿ ಒಗದ್ವಿ. ಬೆಳಕಿಂಡಿಯ ರಟ್ಟನ್ನ ನಾನ ನನ್ನ ಕೈಲೆ ಹರದೆ. ಅವತ್ತಿನಿಂದ ಆ ಬಾಗಲಕ್ಕ ಚಿಲಕ ಇಲ್ಲ. ಬಾಗಲಾ ಮುಂದ ಮಾಡಿ, ಹೊರಗಿನ ಮೊಳಿಗೆ ಟವೆಲ್ಲು ಹಾಕಿದ್ರ ಒಳಗ ಯಾರೋ ಇದ್ದಾರ ಅಂತ ಅರ್ಥ.

ಮುಂದಿನ ವರ್ಷ, 2012ರಾಗ, ಸೋಲಾರ್ ಹಾಕಿಸಿದ್ವಿ. 200 ಲೀಟರಿಂದು, ಕಾಜಿನ ಕೊಳವಿದು. ತಾಮ್ರದ ಚಪ್ಪಟಿ ಪ್ಲೇಟಿಂದೂ ಬರ್ತದ, ಅದು ಗಟ್ಟಿ ಖರೆ, ಆದ್ರ ಸವಳು ನೀರಿಗೆ ಅದರ ಸಣ್ಣ ಕೊಳವಿಯೊಳಗ ಸುಣ್ಣ ಕಟ್ಟತದ. ನಮ್ಮ ಓಣ್ಯಾಗ ಮಲಪ್ರಭಾ ನೀರು ನಾಕೈದು ದಿನಕ್ಕೊಮ್ಮೆ, ಉಳಿದದ್ದೆಲ್ಲಾ ಬೋರು. ಅದಕ್ಕ ಕಾಜಿನ ಕೊಳವಿನ ಬರೋಬ್ಬರಿ ಆತು, ಆ ಆರಿಸಿದ್ದರಾಗ ತಪ್ಪಿಲ್ಲ. ಕರೆಂಟ್ ಬಿಲ್ಲಿನಾಗ ಯುನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚಂದ್ರ 50 ರೂಪಾಯಿ ರಿಬೇಟ್ ಸಿಗ್ತಿತ್ತು, ಅದಕ್ಕೂ ಮನಿಯವರು ಖುಷ್. ನೀರು ಕಾಯೋದರದ್ದು ಏನೂ ತಕರಾರಿಲ್ಲ. ಬಿಸಿಲು ಬಿದ್ದ ದಿನ ಕೈ ಸುಡೂವಂಥಾ ನೀರು. ಬರೋದು ಮಾತ್ರ ಸಣ್ಣಗ, ವರ್ಷಾ ವರ್ಷಾ ಇನ್ನೂ ಸಣ್ಣಗ ಆಗ್ಕೋತ ಹೋತು. ನಾವು ಹೊಂದಿಕೊಂಡ್ವಿ. ಒಬ್ಬರು ಹಲ್ಲು ತಿಕ್ಕೋದರೊಳಗ ಇನ್ನೊಬ್ಬರಿಗೆ ಬಕೀಟು ಹಚ್ಚೋದು, ಅದು ತುಂಬಿದ ಮ್ಯಾಲೆ ಮತ್ತೊಂದು. ಹಿಂಗ ಸರದಿ ಹಚ್ಚಿ ಹಚ್ಚಿ ಅದು ಒಂದು ತೊಂದರಿ ಅನ್ನೋದ ಮರತುಹೋತು. ಎಲ್ಲಾರ ನಡುವ ಅತ್ತಿಯವರು ತಮ್ಮ ಪಾಲಿಂದು ಅರ್ಧಕ್ಕ ಇಳಿಸಿಕೊಂಡು ಸುಮ್ಮನಾಗಿಬಿಟ್ಟಿದ್ರು.

ಆ ಪುಷ್ಯಮಾಸದ ಮುಂಜಾನೆ ಆದ ಮ್ಯಾಲೆ ನಾ ಹಟಾ ಹಿಡದೆ, ಏನೇ ಆಗ್ಲಿ ಹೊಸಾದು ತಗೋಳೋದ ಅಂತ. ಅಂಗಡಿ ಅಂಗಡಿ ತಿರಗಿದ್ವಿ. ಒಬ್ಬಾಂವ 300 ಲೀಟರಿನ ಸೋಲಾರ್ ಅಂದ. ಇನ್ನೊಬ್ಬಾಂವ 25 ಲೀಟರಿನ ಗೀಸರ್ ಅಂದ. ಪುಣ್ಯಾದಾಗಿನ ಮಗ ಫೋನಿನಾಗ "ಅಮ್ಮಾ, ಹೀಟ್ ಪಂಪ್ ಹಾಕಸ್ರಿ" ಅಂದ. ಅದು ಫ್ರಿಜ್ಜಿನ ಉಲ್ಟಾ ಅಂತ, ಹೊರಗಿನ ಗಾಳಿಯೊಳಗಿನ ಶಾಖಾ ಎಳಕೊಂಡು ನೀರಿಗೆ ಕೊಡ್ತದ, ಒಂದು ಯುನಿಟ್ ಕರೆಂಟಿಗೆ ಮೂರು ಯುನಿಟ್ಟಿನಷ್ಟು ಶಾಖಾ. ಕೇಳಲಿಕ್ಕೆ ಛೊಲೋ ಅನಿಸ್ತು. ಅಂಗಡಿಯಾಂವಾ ಹೇಳಿದ ರೇಟು ಲಕ್ಷ ದಾಟಿತ್ತು. ಮೂರು ಮಂದಿ ಇರೋ ಮನಿಗೆ ಅದು ಹೆಚ್ಚಾತು. ದಿನಾ ಹತ್ತಿಪ್ಪತ್ತು ಮಂದಿ ಸ್ನಾನ ಮಾಡೋ ಹಾಸ್ಟೇಲಿಗೆ, ಲಾಜಿಗೆ ಅದು ಸರಿ.

300 ಲೀಟರಿನ ಸೋಲಾರಿಗೆ ಅಡ್ವಾನ್ಸ್ ಕೊಡೋದು ಒಂದು ಬಾಕಿ ಇತ್ತು. ಅಷ್ಟರಾಗ ಅಡಗಿ ಮನಿ ನಳ ಸೋರ್ತದ ಅಂತ ಮಗ್ಗಲಮನಿ ವೈನಿ ಒಬ್ಬ ವಯಸ್ಸಾದ ಮಿಸ್ತ್ರಿನ್ನ ಕಳಿಸಿದ್ರು. ನಳ ರಿಪೇರಿ ಮಾಡಿ ಹೋಗೋ ಮುಂದ ಸುಮ್ಮನ ಕೇಳಿದೆ, ಯಾವ ಸೋಲಾರ್ ಛೊಲೋ ಅಂತ.

"ಈಗಿಂದಕ್ಕ ಏನಾಗ್ಯದ ಅಕ್ಕಾರ?"

"ನೀರ ಬರಂಗಿಲ್ಲ."

"ಬಿಸಿ ಇರಂಗಿಲ್ಲೋ, ಬರಂಗಿಲ್ಲೋ?"

ಈ ಪ್ರಶ್ನೆ ನಮಗ ಯಾವ ಅಂಗಡಿಯಾಗೂ ಯಾರೂ ಕೇಳಿರಲಿಲ್ಲ. ಬಿಸಿ ಇರ್ತದ, ಬರಂಗಿಲ್ಲ ಅಂದೆ. "ಹಂಗಾರ ಒಂದು ಬಕೀಟು, ಒಂದು ಗಡಿಯಾರ ಕೊಡ್ರಿ" ಅಂದ್ರು.

15 ಲೀಟರಿನ ಬಕೀಟು ಹಚ್ಚಿ, ನಾ ಮೊಬೈಲಿನಾಗ ಟೈಮು ನೋಡ್ಕೋತ ನಿಂತೆ. ಕೆಳಗಿನ ಬಚ್ಚಲದಾಗ ತಣ್ಣೀರಿನ ನಳಾ ಒಂದು ನಿಮಿಷ 40 ಸೆಕೆಂಡಿಗೆ ಬಕೀಟು ತುಂಬಿಸ್ತು. ಅದರ ಮಗ್ಗಲದ ಬಿಸಿನೀರಿನ ನಳಾ ತಗೊಂಡಿದ್ದು ಹತ್ತು ನಿಮಿಷ. ಹತ್ತು ನಿಮಿಷ ಅಂದ್ರ 83 ವರ್ಷದ ಮೊಣಕಾಲಿಗೆ ಎಷ್ಟು ಅಂತ ನಾ ಅಲ್ಲೇ ನಿಂತು ನೋಡಿದೆ, ನನ್ನ 55ರ ಕಾಲನ ಸೋತವು. ಮ್ಯಾಲಿನ ಬಚ್ಚಲದಾಗ ತಣ್ಣೀರಿಗೆ ನಾಕು ನಿಮಿಷ, ಬಿಸಿನೀರಿಗೆ ಐದು. ಮಿಸ್ತ್ರಿ ಇದನ್ನೆಲ್ಲಾ ಪೆನ್ಸಿಲ್ಲಿನಿಂದ ಗ್ವಾಡಿ ಮ್ಯಾಲೆ ಬರದ್ರು (ಹೊಸಾ ಬಣ್ಣದ ಗ್ವಾಡಿ, ಇರ್ಲಿ) ಮತ್ತ ಹೇಳಿದ್ರು, "ನಿಮ್ಮ ಮನ್ಯಾಗ ಎರಡು ರೋಗ ಅವ ಅಕ್ಕಾರ. ಮ್ಯಾಲಿಂದು ಬ್ಯಾರೆ, ಕೆಳಗಿಂದು ಬ್ಯಾರೆ. ಸೋಲಾರಿಗೆ ಏನೂ ಆಗಿಲ್ಲ."

ನಾ ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಪ್ರೆಶರಿನ ಲೆಕ್ಕ ನಾ ಕಲತದ್ದು ಈ ವರ್ಷ, ಬಚ್ಚಲದಾಗ ನಿಂತು. ಟೆರೇಸಿನ ಟಾಕಿಯಿಂದ ನೀರು ಬರೋದು ಬರೇ ಎತ್ತರದ ಬಲದ ಮ್ಯಾಲೆ. ಹತ್ತು ಮೀಟರ್ ಎತ್ತರಕ್ಕ ಸುಮಾರು ಒಂದು ಬಾರ್ ಪ್ರೆಶರ್. ನಮ್ಮ ಮ್ಯಾಲಿನ ಬಚ್ಚಲದ ಶವರಿನಿಂದ ಟಾಕಿ ತಳಾ ಬರೇ ಐದು ಫೂಟು ಎತ್ತರದಾಗ ಅದ. ಐದು ಫೂಟು ಅಂದ್ರ ಒಂದೂವರೆ ಮೀಟರ್, ಪ್ರೆಶರ್ 0.15 ಬಾರ್. ಅಷ್ಟಕ್ಕ ಶವರಿನಾಗ ಮಂಜು ಬಿದ್ದಂಗ ಬಿದ್ರ ಅದು ಅದರ ತಪ್ಪಲ್ಲ. ಅಲ್ಲಿ ಬಿಸಿ, ತಣ್ಣೀರು ಎರಡೂ ಸಣ್ಣಗ ಬರ್ತಾವ, ಅಂದ್ರ ಎತ್ತರದ ರೋಗ. ಕೆಳಗ ಹಂಗಲ್ಲ, ಎತ್ತರ ಬೇಕಾದಷ್ಟದ, ತಣ್ಣೀರು ಧೋ ಅಂತ ಬರ್ತದ. ಬಿಸಿನೀರನ್ನೂ ಹಿಂದಿನಿಂದ ದಬ್ಬೋದು ಅದೇ ಟಾಕಿಯ ತಣ್ಣೀರ. ಟಾಕಿ ಒಂದ, ಎತ್ತರ ಒಂದ, ಹಂಗಿದ್ದೂ ಒಂದು ನಳಾ ಓಡ್ತದ ಇನ್ನೊಂದು ಕುಂಟ್ತದ ಅಂದ್ರ ರೋಗ ದಾರಿಯೊಳಗದ.

ಆ ದಾರಿ ನೋಡ್ಕೋತ ಟೆರೇಸಿಗೆ ಹೋದ್ವಿ. 2012ರಾಗ ಗ್ವಾಡಿ ಒಡಿಯೋದು ಬ್ಯಾಡ, ರೊಕ್ಕ ಉಳೀತದ ಅಂತ 1998ರ ಗೀಸರಿಗೆ ಹಾಕಿದ್ದ ಅರ್ಧ ಇಂಚಿನ ಹಳೇ ಕಬ್ಬಿಣದ ಪೈಪಿಗೇನ ಸೋಲಾರಿನ ಪೈಪು ಜೋಡಿಸಿದ್ದರು. ಹಂಗ ಮಾಡ್ರಿ ಅಂತ ಹೇಳಿದವರು ನಾವ. ಸೋಲಾರ್ ಟೆರೇಸಿನ ಆ ತುದಿಗೆ, ಬಚ್ಚಲಾ ಈ ತುದಿಗೆ, ನಡುವ ಅರವತ್ತು ಫೂಟು ಪೈಪು ಬಿಸಿಲಾಗ ಬತ್ತಲೆ ಮಲಗಿತ್ತು. ತುದಿಗೆ ಬಂದು ಅದು ಟೆರೇಸಿನ ಕಟ್ಟಿ ಏರಿ, ಆ ಕಡೆ ಇಳೀತಿತ್ತು. ಮಿಸ್ತ್ರಿ ಆ ಗೂನು ಬೆನ್ನಿನ ಮ್ಯಾಲೆ ಕೈ ಇಟ್ಟು "ಇಲ್ಲಿ ಗಾಳಿ ಕೂತದ" ಅಂದ್ರು. ನೀರು ಕಾದ್ರ ಅದರೊಳಗಿನ ಗಾಳಿ ಹೊರಗ ಬರ್ತದ, ಪೈಪು ಎಲ್ಲಿ ಏರಿ ಇಳೀತದೋ ಅಲ್ಲಿ ನೆತ್ತಿಯೊಳಗ ಸಿಕ್ಕೋತದ. ಹೋಗಲಿಕ್ಕೆ ದಾರಿ ಇಲ್ಲಂದ್ರ ಅಲ್ಲೇ ಬೂಚಿನಂಗ ಕೂಡ್ತದ, ನೀರು ಅದರ ಬಗಲಾಗಿಂದ ನುಸುಳಬೇಕು. ಬಚ್ಚಲದ ನಳ ಬಿಚ್ಚಿ ಅಲ್ಲಿಂದು ಒಂದು ಗೇಣು ಪೈಪು ಕೊಯ್ದು ನನ್ನ ಕೈಗೆ ಕೊಟ್ರು. ಅರ್ಧ ಇಂಚಿನ ಪೈಪಿನಾಗ ಒಂದು ಪೆನ್ನು ಹೋಗುವಷ್ಟು ತೂತು ಉಳದಿತ್ತು. ಉಳದದ್ದೆಲ್ಲಾ ಸುಣ್ಣ, ತುಕ್ಕು. ಆ ತುಂಡು ಇನ್ನೂ ನಮ್ಮ ಟಿವಿ ಸ್ಟ್ಯಾಂಡಿನ ಮ್ಯಾಲೆ ಅದ, ಬಂದವರಿಗೆಲ್ಲಾ ತೋರಿಸ್ತೀನಿ. ಮನಿಯವರಿಗೆ ಸಿಟ್ಟು ಬರ್ತದ.

ಕೆಲಸಾ ಎಂಟು ದಿನ ನಡೀತು. ಧೂಳು, ಸದ್ದು, ಅದನ್ನ ಬರಿಯೋದು ಬ್ಯಾಡ. ಹೊಸಾದು ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು ಹಾಕಿದ್ರು. ಸಾದಾ ಪಿವಿಸಿ ಬಿಸಿನೀರಿಗೆ ತಡಿಯಂಗಿಲ್ಲ, ಮೆತ್ತಗಾಗಿ ಜೋತುಬೀಳ್ತದ. ಸೋಲಾರನ್ನ ಬಚ್ಚಲದ ಮ್ಯಾಲೆ ಬರೋ ಹಂಗ ಸರಿಸಿ, ಕಟ್ಟಿ ಏರಿಸದ ಅದರ ಬುಡದಾಗ ತೂತು ಹೊಡದು ನೆಟ್ಟಗ ಕೆಳಗ ಇಳಿಸಿದ್ರು. ಅರವತ್ತು ಫೂಟಿನ ದಾರಿ ಮೂವತ್ತು ಫೂಟಿಗೆ ಬಂತು. ಮ್ಯಾಲೆ ಕಪ್ಪು ಸ್ಪಂಜಿನ ತೋಳು ತೊಡಸಿದ್ರು, ಶಾಖಾ ಹೋಗಬಾರದು ಅಂತ. ನಾ ಒಂದು ಇಂಚಿಂದನ ಹಾಕ್ರೆಲ್ಲಾ ಅಂದೆ. "ಪೈಪು ದೊಡ್ಡದಾದಷ್ಟು ಅದರಾಗ ನಿಂತ ತಣ್ಣೀರೂ ಹೆಚ್ಚು ಅಕ್ಕಾರ, ಬಿಸಿನೀರು ಬರೋದರೊಳಗ ಅದನ್ನೆಲ್ಲಾ ಸುರವಬೇಕು" ಅಂದ್ರು. ಈಗ ಮೊದಲಿಗೆ ಎರಡು-ಎರಡೂವರೆ ಲೀಟರ್ ತಣ್ಣಗ ಬರ್ತದ, ಅದನ್ನ ಬ್ಯಾರೆ ಬಕೀಟಿಗೆ ಹಿಡದು ತುಳಸಿಗೆ, ನೆಲಾ ಒರಸಲಿಕ್ಕೆ ಇಟಗೋತೀನಿ.

ಮ್ಯಾಲಿನ ಬಚ್ಚಲಕ್ಕ ಪಂಪ್ ಹಚ್ಚೋಣು ಅಂತ ನಮ್ಮ ಮನಿಯವರು. ಮಿಸ್ತ್ರಿ ಒಪ್ಪಲಿಲ್ಲ. ನಮ್ಮ ಸೋಲಾರಿನ ಟಾಕಿ ಪ್ರೆಶರ್ ತಡಿಯೋ ಥರದ್ದಲ್ಲ, ಪಂಪಿನ ನೀರು ಅದರೊಳಗ ನುಗ್ಗಿದ್ರ ಸೀಳ್ತದ. ಬರೇ ತಣ್ಣೀರಿನ ಸಾಲಿಗೆ ಪಂಪ್ ಹಚ್ಚಿದ್ರ ಮಿಕ್ಸರ್ ನಳದಾಗ ತಣ್ಣೀರಿನ ಜೋರಿಗೆ ಬಿಸಿನೀರು ಹಿಂದಕ್ಕ ಸರೀತದ, ಇದ್ದ ನೀರೂ ಬರಂಗಿಲ್ಲ. ಅದರ ಬದಲಿ ತಣ್ಣೀರಿನ ಟಾಕಿಯನ್ನ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಮೂರು ಫೂಟು ಎತ್ತಿದ್ರು. ಸೋಲಾರಿನ ಪುಸ್ತಕದಾಗ ಟಾಕಿ ಎಷ್ಟು ಎತ್ತರದ ತನಕಾ ಇರಬಹುದು ಅಂತ ಬರದಿರ್ತದ, ಅದನ್ನ ನೋಡೇ ಎತ್ತಿದ್ರು. (ಈಗ ಪುಸ್ತಕ ಓದೋದು ನನ್ನ ಕೆಲಸಾ.) ಸೋಲಾರಿನ ಗಾಳಿ ಕೊಳವಿಯನ್ನೂ ಅದರಕಿಂತ ಮ್ಯಾಲೆ ಎತ್ತಬೇಕಾತು, ಇಲ್ಲಂದ್ರ ಬಿಸಿನೀರೆಲ್ಲಾ ಆ ಕೊಳವಿಯಿಂದ ಉಕ್ಕಿ ಹೋಗ್ತದ. ಆ ಕೊಳವಿ ಮುಚ್ಚೋದಂತೂ ಎಂದೂ ಮಾಡಬಾರದು. ಮ್ಯಾಲೆ ಈಗ ಬಕೀಟು ಮೂರೂವರೆ ನಿಮಿಷಕ್ಕ ತುಂಬ್ತದ. ಭಾರಿ ಅನ್ನುವಂಥಾದ್ದೇನಲ್ಲ, ನಡೀತದ. ಮಕ್ಕಳು ಬಂದಾಗಷ್ಟ ಅಲ್ಲಿ ಸ್ನಾನ.

ಕೆಳಗ ಮಾತ್ರ ಎರಡು ನಿಮಿಷ ಹತ್ತು ಸೆಕೆಂಡ್. ನಾ ಮೂರು ಸಲ ಹಿಡದು ನೋಡಿದೆ.

ಇನ್ನ ಮಳಿಗಾಲದ ಮಾತು. ನಮ್ಮಲ್ಲಿ ಜೂನಿನಿಂದ ಜಿಟಿಜಿಟಿ ಹತ್ತಿದ್ರ ಶ್ರಾವಣ ಮುಗಿಯೋ ತನಕಾ ಸೂರ್ಯನ ಮಾರಿ ನೋಡೋದು ಕಷ್ಟ. ಸೋಲಾರಿನೊಳಗ ಕರೆಂಟಿನ ಕಾಯಿಲ್ ಅದ, ಅಂಥಾ ದಿನ ಅದನ್ನ ಹಚ್ಚತಿದ್ವಿ, ಬಿಲ್ಲು ನೋಡಿ ಎದಿ ಒಡಕೋತಿದ್ವಿ. ಮಗ ಫೋನಿನಾಗ ಲೆಕ್ಕ ಹೇಳಿಕೊಟ್ಟ, ನಾ ಕ್ಯಾಲೆಂಡರಿನ ಹಿಂದ ಬರದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲಿಕ್ಕೆ ಒಂದು ಕಿಲೋಕ್ಯಾಲರಿ, ಒಂದು ಯುನಿಟ್ ಕರೆಂಟ್ ಅಂದ್ರ 860 ಕಿಲೋಕ್ಯಾಲರಿ. 200 ಲೀಟರ್ 30 ಡಿಗ್ರಿ ಏರಿಸಬೇಕಂದ್ರ 6000, ಅಂದ್ರ ಏಳು ಯುನಿಟ್. ಮೂರು ಮಂದಿ ಸ್ನಾನಕ್ಕ ಇಡೀ ಟಾಕಿ ಕಾಸೋದು ಯಾವ ಶಾಣ್ಯಾತನ? 15 ಲೀಟರಿನ ಗೀಸರ್ 20 ಡಿಗ್ರಿಯಿಂದ 60ಕ್ಕ ಕಾಸಲಿಕ್ಕೆ 600 ಕಿಲೋಕ್ಯಾಲರಿ, ಮುಕ್ಕಾಲು ಯುನಿಟ್ಟೂ ಬ್ಯಾಡ. 2000 ವ್ಯಾಟಿನದಾದ್ರ ಇಪ್ಪತ್ತು ನಿಮಿಷದಾಗ ಕಾಯ್ತದ. ಅದಕ್ಕ ಅಷ್ಟೇ ತಣ್ಣೀರು ಬೆರಸಿದ್ರ ಹದವಾದ ನೀರು ಎರಡು ಬಕೀಟು.

ನಂಗ ಆಗ ತಕ್ಷಣ ಕಾಸೋ ಸಣ್ಣ ಇನ್‌ಸ್ಟಂಟ್ ಗೀಸರಿನ ಮ್ಯಾಲೆ ಮನಸಿತ್ತು, ಜಾಗಾ ಕಡಿಮಿ, ರೇಟೂ ಕಡಿಮಿ. ಅದರ ಲೆಕ್ಕಾನೂ ಹಾಕಿದೆ. 3000 ವ್ಯಾಟಿಂದು, ನೀರು 20 ಡಿಗ್ರಿ ಏರಬೇಕಂದ್ರ ನಿಮಿಷಕ್ಕ ಎರಡು ಲೀಟರ್ ಚಿಲ್ಲರ ಅಷ್ಟ ಕೊಡ್ತದ. ಬಕೀಟು ತುಂಬಲಿಕ್ಕೆ ಏಳು ನಿಮಿಷ. ಮತ್ತ ಅತ್ತಿಯವರು ನಿಂತುಗೋತ ಕಾಯೋದ? ಬ್ಯಾಡಂದೆ. 15 ಲೀಟರಿಂದನ ತಂದ್ವಿ. ಅದಕ್ಕ ಬ್ಯಾರೆ ದಪ್ಪ ವಾಯರು, ಅರ್ಥಿಂಗು, ಶಾಕ್ ಹೊಡದ್ರ ಪಟ್ಟನ ಕರೆಂಟ್ ಕಡಿಯೋ ಆರ್‌ಸಿಸಿಬಿ ಎಲ್ಲಾ ಹಾಕಿಸಿದೆ. ಮನಿಯವರು ಇಷ್ಟೆಲ್ಲಾ ಯಾಕ ಅಂದ್ರು. ನಾ ಆ ಬೆಳಕಿಂಡಿ ಕಡೆ ನೋಡಿದೆ, ಅವರು ಮುಂದ ಮಾತಾಡಲಿಲ್ಲ. ಎಲ್ಲಾ ಕೂಡಿ 26,000 ಆತು. 300 ಲೀಟರಿನ ಸೋಲಾರ್ ತಂದು ಅದೇ ಹಳೇ ಪೈಪಿಗೆ ಜೋಡಿಸಿದ್ದರ ಅದರ ದುಪ್ಪಟ್ಟಿನ ಮ್ಯಾಲೆ ಹೋಗ್ತಿತ್ತು, ಬಕೀಟಿಗೆ ಮತ್ತ ಹತ್ತು ನಿಮಿಷನ.

ನಳದ ಬಾಯಿಗೆ ಇರೋ ಜಾಳಗಿ, ಶವರಿನ ತೂತು, ಇವನ್ನ ಈಗ ಎರಡು ತಿಂಗಳಿಗೊಮ್ಮೆ ಬಿಚ್ಚಿ ರಾತ್ರಿ ವಿನೆಗರಿನಾಗ ನೆನಿ ಇಡ್ತೀನಿ. ಮುಂಜಾನೆ ಹಳೇ ಬ್ರಶ್ಶಿಲೆ ತಿಕ್ಕಿದ್ರ ಸುಣ್ಣ ಉದರ್ತದ. ಇದು ಯಾವ ಮಿಸ್ತ್ರಿನೂ ಬ್ಯಾಡ, ನೀವೂ ಇವತ್ತ ಮಾಡಬಹುದು. ನಿಮ್ಮ ತೊಂದರಿ ಅಷ್ಟರಾಗ ತೀರಿದ್ರೂ ತೀರಬಹುದು.

ಮೊನ್ನೆ ದೀಪಾವಳಿಗೆ ಮಗಳು ಬೆಳಗಾವಿಯಿಂದ ಬಂದಿದ್ಲು, ಮಗ ಪುಣ್ಯಾದಿಂದ. ನೀರು ತುಂಬೋ ಹಬ್ಬದ ದಿನ ಅತ್ತಿಯವರು ಅಟ್ಟದ ಮ್ಯಾಲಿನ ಬಂಬ ಇಳಸ್ರಿ ಅಂತ ಹಟಾ ಹಿಡದ್ರು. ಮಗಳು ಹುಣಸಿಹಣ್ಣು ಹಚ್ಚಿ ತಿಕ್ಕಿದ್ಲು, ಸುಣ್ಣ ಕೆಮ್ಮಣ್ಣಿನ ಗೆರಿ ಎಳದು, ಚೆಂಡುಹೂವಿನ ಸರಾ ಕಟ್ಟಿ, ಬಚ್ಚಲದ ಮೂಲ್ಯಾಗ ಅದರ ಹಳೇ ಜಾಗಾದಾಗ ಇಟ್ಟು ನೀರು ತುಂಬಿದ್ವಿ. ಉರಿ ಹಚ್ಚಲಿಲ್ಲ, ಪೂಜಿಗಷ್ಟ.

ಮರುದಿನ ನಸುಕಿನ್ಯಾಗ ನಾಕೂವರೆಗೆ ಎಲ್ಲಾರ ಎಣ್ಣಿ ನೀರು. ಹಿಂದಿನ ದಿನದ ಬಿಸಿಲಿನ ನೀರು ಸೋಲಾರಿನಾಗ ಇನ್ನೂ ಕಾದೇ ಇತ್ತು. ಗಂಡಸರದು ಆದ ಮ್ಯಾಲೆ ಅತ್ತಿಯವರನ್ನ ಮಣಿ ಮ್ಯಾಲೆ ಕೂಡಿಸಿ, ತಲಿಗೆ ಎಣ್ಣಿ ತಟ್ಟಿ, ನಾನ ಎರದೆ. ಮಗಳು ಹಿಂದಿಂದ ಬಕೀಟು ತುಂಬಿ ತುಂಬಿ ಕೊಡ್ಲಿಕತ್ತಿದ್ಲು. ಎರಡನೇ ಬಕೀಟು ಮುಗಿಯೋ ಹೊತ್ತಿಗೆ ಅತ್ತಿಯವರು ಕೈ ಅಡ್ಡ ಹಿಡದ್ರು.

"ಸಾಕ್ ನಿಲ್ಲಿಸವಾ. ನೀ, ಅಕಿ, ಇನ್ನೂ ನಿಮ್ಮಿಬ್ಬರದು ಬಾಕಿ ಅದ."

"ಅದ ಅತ್ತಿ, ನಮ್ಮಿಬ್ಬರಿಗೂ ಅದ" ಅಂತ ಅವರ ಕಿವಿ ಹತ್ರ ಒದರಿದೆ.

"ಖರೇನ?"

"ಖರೇನ. ನಳಾ ನೋಡ್ರಿ ಬೇಕಾದ್ರ."

ಹೊಳ್ಳಿ ನಳದ ಕಡೆ ನೋಡಿದ್ರು. ಮಗಳು ಇಟ್ಟ ಬಕೀಟು ಆಗಲೇ ಕಂಠದ ತನಕಾ ಬಂದಿತ್ತು. ಅತ್ತಿಯವರು ಕೈ ಕೆಳಗ ಇಳಿಸಿದ್ರು.

"ಹಂಗಾರ ಬೆನ್ನಿಗೆ ಇನ್ನೊಂದೆರಡು ತಂಬಗಿ ಹಾಕು."